ಮಿಲ್ಲು ನಿಂತ ಹೊತ್ತಿನಲ್ಲಿ

ಮಧ್ಯಾಹ್ನ ಒಂದರಿಂದ ನಾಲ್ಕು.
ಕೆಳಗೆ ಹಿಟ್ಟಿನ ಮಿಲ್ಲಿನ ಪುಟ್ಟಮಾದಯ್ಯ
ಉಂಡು, ಚಾಪೆ ಹಾಸಿ,
ಮಿಲ್ಲಿನ ಬೆಲ್ಟೂ ತನ್ನ ಬೆಲ್ಟೂ ಬಿಚ್ಚಿ ಮಲಗುವ ಹೊತ್ತು.
ಅಷ್ಟೇ ನನಗೆ ಸಿಕ್ಕಿರುವ ಸ್ಟುಡಿಯೋ.

ಮೇಲಿನ ಕೋಣೆಯ ಗೋಡೆಗೆ ಹಳೇ ಹಾಸಿಗೆ ಜಡಿದಿದೆ,
ಕಿಟಕಿಗೆ ಕಂಬಳಿ. ಮೈಕಿನ ಮುಂದೆ
ಕಸೂತಿ ಬಳೆಗೆ ಬಿಗಿದ ಕಾಲುಚೀಲ,
ಪ ಫ ಬ ಭಗಳ ಉಸಿರು ಹೊಡೆಯದಿರಲೆಂದು.
ಬಿಗಿದವಳ ಹೆಸರು ಇಂಚರ, ಮಾದಯ್ಯನ ಕೊನೇ ಮಗಳು,
ನನ್ನ ಕ್ಯಾಸೆಟ್ಟಿಗಿಂತ ಹನ್ನೊಂದು ವರ್ಷ ಚಿಕ್ಕವಳು.
"ಅಂಕಲ್, ನಿಜವಾಗ್ಲೂ ರಾಕ್ ಹಾಡ್ತಿದ್ರಾ? ಮಂಡ್ಯದಲ್ಲಿ?"

ಹೂಂ ಕಣಮ್ಮ. ನಾಲ್ವರು.
ಚೌರಪ್ಪನ ಬೇಸು, ಮುನೀರನ ಡ್ರಮ್ಮು,
ಎರಡನೇ ಗಿಟಾರಿಗೆ ತಿಂಗಳಿಗೊಬ್ಬ.
ತಂಡದ ಹೆಸರು ರಚ್ಚು.
ರಸ ಹಿಂಡಿದ ಮೇಲೆ ಉಳಿಯುತ್ತಲ್ಲ ಕಬ್ಬಿನದು, ಅದು.
ಪೋಸ್ಟರಿನವನು ಹುಚ್ಚು ಅಂತ ಬರೆದ;
ತಿದ್ದಲು ಬಣ್ಣ ಮುಗಿದಿತ್ತು, ಹಾಗೇ ಅಂಟಿಸಿದೆವು
ನೂರಡಿ ರಸ್ತೆಯುದ್ದಕ್ಕೂ.
ಜನ ಬಂದರು, ಹುಚ್ಚರನ್ನು ನೋಡಲು.

ತೊಂಬತ್ತೊಂದರಲ್ಲಿ ಮೈಸೂರಿಗೆ ಹೋಗಿ
ಭಕ್ತಿಗೀತೆಗಳ ನಡುವೆ ಮಿಕ್ಕ ಒಂದು ರಾತ್ರಿಯಲ್ಲಿ
ಎಂಟು ಹಾಡು. ಮುನ್ನೂರು ಕ್ಯಾಸೆಟ್ಟು.
ಮಾರಿದ್ದು ಅರವತ್ತೊಂದು,
ಅದರಲ್ಲಿ ಚೌರಪ್ಪನ ಅತ್ತಿಗೆಯೊಬ್ಬಳೇ ನಾಲ್ಕು.
ಉಳಿದವನ್ನು ಅವ್ವ ಎರಡು ವರ್ಷ ಸೈರಿಸಿ
ಭತ್ತ ಹಾಲುಗಟ್ಟುವ ಕಾಲಕ್ಕೆ ಬಿಚ್ಚಿದಳು.
ಗೂಟದಿಂದ ಗೂಟಕ್ಕೆ ಬದುವಿನುದ್ದ
ಕಂದು ರೀಲು ಎಳೆದು ಕಟ್ಟಿದಳು, ಹಕ್ಕಿ ಬೆದರಲಿ ಅಂತ.
ಗಾಳಿ ಬಂದಾಗ ಗದ್ದೆ ಗುಂಯ್ ಅನ್ನುತ್ತಿತ್ತು.
ಯಾವ ಹಾಡೋ ಗೊತ್ತಾಗುತ್ತಿರಲಿಲ್ಲ.
ನಾಚಿಕೆ ಬಿಟ್ಟು ಬದುವಿನ ಮೇಲೆ ಕೂತು ಕೇಳಿದ್ದೇನೆ.
ಮೂರನೇ ದಿನಕ್ಕೆ ಗೀಜಗಗಳಿಗೆ ಅಭ್ಯಾಸವಾಯಿತು.
"ನಿನ್ನ ಹಾಡ್ಗೆ ಹಕ್ಕೀನೂ ಹೆದರಾಕಿಲ್ಲ ಕಣ್ಲಾ" ಅಂದಳು ಅವ್ವ.
ನನಗೆ ಬಂದ ಒಂದೇ ವಿಮರ್ಶೆ.

ಆಮೇಲೆ ಏನಿಲ್ಲ. ಸಕ್ಕರೆ ಕಾರ್ಖಾನೆಯ ತೂಕದ ಮನೆ.
ಎತ್ತಿನಗಾಡಿ, ಟ್ರ್ಯಾಕ್ಟರು, ಲಾರಿ;
ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆಯುವುದು.
ಬಿಟ್ಟೆ ಅಂತ ಹೇಳಿ ಬಿಟ್ಟವನಲ್ಲ ನಾನು.
ತಂತಿ ಹರಿಯಿತು,
ಮೈಸೂರಿಗೆ ಹೋದಾಗ ತರೋಣ ಅಂದುಕೊಂಡೆ.

ಈಗ ಎಡಗೈ ಬೆರಳ ತುದಿ ಹಸುಳೆಯದು.
ಹದಿನೈದು ದಿನ ಉರಿದು ಬೊಬ್ಬೆಯೆದ್ದು
ಮೊನ್ನೆಯಿಂದ ಮತ್ತೆ ಗಟ್ಟಿಯಾಗುತ್ತಿದೆ;
ರಾತ್ರಿ ಹೆಬ್ಬೆರಳಲ್ಲಿ ಒತ್ತಿ ನೋಡಿಕೊಳ್ಳುತ್ತೇನೆ,
ಹಲ್ಲು ಬರುವ ಮಗುವಿನ ಒಸಡನ್ನು ನೋಡುವ ಹಾಗೆ.
ದನಿ ಎರಡು ಮನೆ ಕೆಳಗಿಳಿದಿದೆ.
ಎಡಗಿವಿಯಲ್ಲಿ ಸದಾ ಒಂದು ಗಾಣ ತಿರುಗುತ್ತದೆ.

ಇಂಚರ ಕಿವಿಗೆ ಕ್ಲಿಕ್ ಹಾಕುತ್ತಾಳೆ: ಟಕ್ ಟಕ್ ಟಕ್.
ತೂಕದ ಮನೆ ನೆನಪಾಗಿ, ತೆಗಿಯಮ್ಮ ಅನ್ನುತ್ತೇನೆ.
ಮುನೀರನಿಗೆ ಮಂಡಿ ಹೋಗಿದೆ, ಪೆಡಲು ತುಳಿಯಲಾರ;
ರಾಗಿಮೂಟೆ ತಬ್ಬಿಕೊಂಡು ಅಂಗೈಯಲ್ಲಿ ಬಡಿಯುತ್ತಾನೆ.
ಚೌರಪ್ಪ ಇಲ್ಲ. ಅವನ ಜಾಗಕ್ಕೆ ಯಾರನ್ನೂ ಕರೆದಿಲ್ಲ.
ಅವನು ನುಡಿಸುತ್ತಿದ್ದ ಕಡೆ ಇಬ್ಬರೂ ಸ್ವಲ್ಪ ಕಾಯುತ್ತೇವೆ.

ಆರನೇ ಹಾಡು, ಎರಡನೇ ಚರಣ.
ಅಂದು ರಾತ್ರಿ ಸಾಲು ಮರೆತು ಬರೀ ಗುನುಗಿದ್ದೆ.
ಈಗಲೂ ನೆನಪಿಲ್ಲ.
ಹೊಸದಾಗಿ ನಾಲ್ಕು ಸಾಲು ಬರೆದು ತಂದಿದ್ದೆ, ಒಳ್ಳೆಯವೇ;
ಬಾಯಿ ಅವನ್ನು ಪಕ್ಕಕ್ಕಿಟ್ಟು ಗುನುಗಿತು.
"ಅಂಕಲ್, ಅಲ್ಲಿ ಶ್ರುತಿ ಜಾರಿದೆ, ಸರಿ ಮಾಡ್ಲಾ? ಒಂದೇ ಬಟನ್ನು."
ಮುನೀರ ನನ್ನ ಮುಖ ನೋಡಿದ. ನಾನು ಮೂಟೆ ನೋಡಿದೆ.
"ಖಾಲಿ ತೂಕ ಕಣಮ್ಮ ಅದು. ಕಳೀಬೇಡ."

ಇನ್ನೊಂದು ಸಲ, ಅಂದಳು.
ನಾಲ್ಕಕ್ಕೆ ಹತ್ತು ನಿಮಿಷ ಇತ್ತು.
ಚರಣಕ್ಕೆ ಬಂದೆ; ಕೆಳಗೆ ಮಾದಯ್ಯ ಬೇಗ ಎದ್ದ.
ಬೆಲ್ಟು ಏರಿತು. ನೆಲ ಅದುರಿತು.
ತಂತಿಯ ಮೇಲೆ ಕೂತಿದ್ದ ಹಿಟ್ಟಿನ ಧೂಳು ಎದ್ದಿತು.
ಅವಳ ಬೆರಳು ನಿಲ್ಲಿಸುವ ಗುಂಡಿಯ ಮೇಲಿತ್ತು, ಒತ್ತಲಿಲ್ಲ.
ಮಿಲ್ಲು ನಮ್ಮ ತಾಳಕ್ಕಿಂತ ಚೂರು ಜೋರು.
ಮುನೀರ ಹಲ್ಲುಕಚ್ಚಿ ಅದನ್ನು ಹಿಡಿಯಲು ಓಡಿದ,
ನಾನು ಅವನ ಹಿಂದೆ.